ಸಭೆಯ ಗಡಿಯಾರ ಅಜ್ಜನ ಊರಿನದೇ ಇರಲಿ

ಇಂಗ್ಲೆಂಡಿಗೆ ಹೊಸದಾಗಿ ಬಂದಿರುವ ತಾಯಿಯೊಬ್ಬರು ಹೋದ ವಾರ ಕೇಳಿದ್ದರು: ಊರಿನಲ್ಲಿರುವ ಅಜ್ಜ ಅಜ್ಜಿಯರ ಜೊತೆ ಮಕ್ಕಳು ವಾರಕ್ಕೊಮ್ಮೆ ಕೂತು ಕನ್ನಡದಲ್ಲಿ ಮಾತನಾಡಬೇಕು, ಇಮೇಲ್ ಕ್ಯಾಲೆಂಡರಿನಿಂದ ವಿಡಿಯೊ ಸಭೆ ಗೊತ್ತುಮಾಡುವುದು ಹೇಗೆ, ಅಷ್ಟಕ್ಕೂ ವಾಟ್ಸ್ಆ್ಯಪ್ ಕರೆ ಸಾಲದೇ? ಸಾಲದು ಎನ್ನುವವರ ಪೈಕಿ ನಾನೊಬ್ಬಳು. ಇಂಗ್ಲೆಂಡಿನ ರೆಡಿಂಗಿನಲ್ಲಿರುವ ನಮ್ಮ ಮನೆಗೂ ಸಾಗರದಲ್ಲಿರುವ ನನ್ನ ಅಪ್ಪನಿಗೂ ನಡುವೆ ನಾಲ್ಕು ವರ್ಷದಿಂದ ಶನಿವಾರದ ಸಭೆ ನಡೆಯುತ್ತಿದೆ. ಮಾಡಬಹುದಾದ ತಪ್ಪುಗಳನ್ನೆಲ್ಲ ನಾನು ಆಗಲೇ ಮಾಡಿ ಮುಗಿಸಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ವಾಟ್ಸ್ಆ್ಯಪ್ ಕರೆ ಬರುವುದು ಯಾವಾಗ? ಮಗ ಒಂದು ಕಾಲಿಗೆ ಶೂ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿರುವಾಗ, ಒಗ್ಗರಣೆಯ ಸಾಸಿವೆ ಇನ್ನೇನು ಸಿಡಿಯಬೇಕು ಎನ್ನುವಾಗ. ‘ಊಟ ಆಯಿತಾ? ಚಳಿ ಇದೆಯಾ?’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆರು ವರ್ಷದ ಹುಡುಗ ಈ ಎರಡು ಪ್ರಶ್ನೆಗಳಿಗೆ ಉತ್ತರಿಸುವಷ್ಟು ಕನ್ನಡವನ್ನು ಕಲಿತು ಅಲ್ಲಿಗೇ ನಿಂತುಬಿಡುತ್ತಾನೆ. ಅಲ್ಲದೆ ಈ ದೇಶದಲ್ಲಿ ಬರೆದಿಟ್ಟದ್ದಷ್ಟೇ ನಡೆಯುತ್ತದೆ. ಮಕ್ಕಳ ಹುಟ್ಟುಹಬ್ಬದ ಆಮಂತ್ರಣ ಮೂರು ವಾರ ಮೊದಲೇ ಬರುತ್ತದೆ, ಈಜು ತರಗತಿಗೆ ವರ್ಷವಿಡೀ ಒಂದೇ ಹೊತ್ತು. ಕ್ಯಾಲೆಂಡರಿನಲ್ಲಿ ಖಾಲಿ ಕಂಡ ಶನಿವಾರವನ್ನು ಯಾರಾದರೂ ನುಂಗಿಯೇ ನುಂಗುತ್ತಾರೆ. ಈಜಿನ ಪಕ್ಕದಲ್ಲಿ ‘ಅಜ್ಜ’ ಎಂದು ಹಸಿರು ಬಣ್ಣದಲ್ಲಿ ಬರೆದಿದ್ದರೆ ಆ ಹೊತ್ತನ್ನು ಕೇಳುವ ಧೈರ್ಯ ಯಾರಿಗೂ ಬರುವುದಿಲ್ಲ. ನನ್ನ ಗಂಡನಿಗೂ.

ಮಾಡುವ ಕ್ರಮ ಕಷ್ಟದ್ದಲ್ಲ. ಗೂಗಲ್ ಕ್ಯಾಲೆಂಡರಿನಲ್ಲಿ ಹೊಸ ಕಾರ್ಯಕ್ರಮ ತೆರೆದು, ಹೆಸರು ಕೊಟ್ಟು, ಅತಿಥಿಗಳ ಜಾಗದಲ್ಲಿ ಇಮೇಲ್ ವಿಳಾಸಗಳನ್ನು ಹಾಕಿ, ಗೂಗಲ್ ಮೀಟ್ ಎಂಬ ವಿಡಿಯೊ ಸಭೆಯನ್ನು ಸೇರಿಸುವ ಗುಂಡಿ ಒತ್ತಿದರೆ ಲಿಂಕ್ ತಾನಾಗಿಯೇ ಹುಟ್ಟುತ್ತದೆ. ‘ಪ್ರತಿ ವಾರ’ ಎಂದು ಆರಿಸಿ ಉಳಿಸಿದರೆ ಆಮಂತ್ರಣ ಎಲ್ಲರ ಇಮೇಲಿಗೆ ಹೋಗುತ್ತದೆ. ಔಟ್‌ಲುಕ್ ಬಳಸುವವರಿಗೆ ಮೀಟ್ ಇದ್ದ ಕಡೆ ಮೈಕ್ರೋಸಾಫ್ಟಿನ ಟೀಮ್ಸ್ ಇರುತ್ತದೆ, ಅಷ್ಟೇ ವ್ಯತ್ಯಾಸ. ಒಬ್ಬರದು ಗೂಗಲ್, ಇನ್ನೊಬ್ಬರದು ಔಟ್‌ಲುಕ್, ಮತ್ತೊಬ್ಬರದು ಆಪಲ್ ಎಂದು ಚಿಂತಿಸಬೇಕಾಗಿಲ್ಲ. ಆಮಂತ್ರಣದ ಜೊತೆ ಹೋಗುವ, ಸಭೆಯ ದಿನ ಹೊತ್ತುಗಳನ್ನು ಹೊತ್ತ ಐಸಿಎಸ್ (.ics) ಕಡತ ಎಲ್ಲಕ್ಕೂ ಅರ್ಥವಾಗುವ ಭಾಷೆ. 1998ರಿಂದಲೂ ಅದಕ್ಕೊಂದು ಸಾಮಾನ್ಯ ನಿಯಮ ಇದೆ. ವಾರವಾರದ ಸಭೆಗೆ ಲಿಂಕ್ ಬದಲಾಗುವುದಿಲ್ಲ ಎಂಬುದು ದೊಡ್ಡ ಅನುಕೂಲ. ಅಪ್ಪನ ಮೊಬೈಲಿನ ಮುಖಪುಟದಲ್ಲಿ ಅದನ್ನು ಒಂದು ಸಲ ಕೂರಿಸಿ ಬಂದೆ, ಇವತ್ತಿಗೂ ಅದನ್ನೇ ಒತ್ತುತ್ತಾರೆ.

ಇಷ್ಟು ಸುಲಭವಾದ ಕೆಲಸದಲ್ಲಿ ನಾನು ಮುಗ್ಗರಿಸಿದ್ದು ಗಂಟೆಯ ವಿಷಯದಲ್ಲಿ.

ಮೊದಲ ಬೇಸಿಗೆಯಲ್ಲಿ ಸಭೆಯನ್ನು ನಮ್ಮ ಮಧ್ಯಾಹ್ನ ಮೂರಕ್ಕೆ ಇಟ್ಟಿದ್ದೆ. ಸಾಗರದಲ್ಲಿ ಆಗ ಸಂಜೆ ಏಳೂವರೆ. ಅಪ್ಪ ಅದನ್ನು ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಬರೆದುಕೊಂಡರು. ಅವರ ಮಟ್ಟಿಗೆ ನಿಜವಾದ ಕ್ಯಾಲೆಂಡರ್ ಅದೇ. ಸಂಜೆಯ ಬೆಳಕಿಗಾಗಿ ಬೇಸಿಗೆಯಲ್ಲಿ ಮುಂದಿಟ್ಟಿದ್ದ ಗಡಿಯಾರವನ್ನು ಅಕ್ಟೋಬರಿನ ಕೊನೆಯ ಭಾನುವಾರ ಇಲ್ಲಿ ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ಮುಂದಿನ ಶನಿವಾರ ನಮ್ಮ ಮೂರು ಗಂಟೆ ಎಂದರೆ ಅವರ ಎಂಟೂವರೆ. ಕ್ಯಾಲೆಂಡರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು, ಅವರ ಮೊಬೈಲಿನಲ್ಲಿ ಎಂಟೂವರೆ ಎಂದೇ ತೋರಿಸುತ್ತಿತ್ತು. ಆದರೆ ಮೊಬೈಲನ್ನು ನೋಡಿದವರು ಯಾರು? ಅಪ್ಪ ಏಳೂಕಾಲಕ್ಕೇ ಶರ್ಟು ಬದಲಿಸಿ, ಕನ್ನಡಕ ಒರೆಸಿಕೊಂಡು, ಖಾಲಿ ಪರದೆಯ ಮುಂದೆ ಒಂದು ಗಂಟೆ ಕೂತಿದ್ದರಂತೆ. ‘ಮಕ್ಕಳಿಗೆ ಏನೋ ಕೆಲಸ ಇರಬೇಕು’ ಎಂದು ಅಮ್ಮನಿಗೆ ಹೇಳಿ ಊಟ ಮಾಡಿ ಮಲಗಿದ್ದಾರೆ. ನಾವು ಮೂರಕ್ಕೆ ಸರಿಯಾಗಿ ಬಂದು, ಅಜ್ಜ ಇಲ್ಲವೆಂದು ಹತ್ತು ನಿಮಿಷ ಕಾದು ಎದ್ದೆವು. ಎರಡೂ ಕಡೆಯವರು ಹೊತ್ತಿಗೆ ಸರಿಯಾಗಿಯೇ ಬಂದಿದ್ದರು. ಮರುದಿನ ಅಮ್ಮ ಫೋನಿನಲ್ಲಿ ಹೇಳಿದಾಗ ನನಗಾದ ಸಂಕಟವನ್ನು ಇಲ್ಲಿ ವಿವರಿಸುವುದಿಲ್ಲ.

ಅಂದಿನಿಂದ ನಮ್ಮ ಸಭೆ ಭಾರತದ ಕಾಲಮಾನದಲ್ಲಿದೆ. ಕಾರ್ಯಕ್ರಮದ ಗಂಟೆಯ ಪಕ್ಕದಲ್ಲೇ ಕಾಲವಲಯ (ಟೈಮ್ ಝೋನ್) ಎಂಬ ಆಯ್ಕೆ ಇರುತ್ತದೆ, ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ಅಲ್ಲಿ ಲಂಡನ್ ತೆಗೆದು ಕೋಲ್ಕತ್ತಾ ಹಾಕಬೇಕು. ಬೆಂಗಳೂರನ್ನು ಹುಡುಕಬೇಡಿ. ಔಟ್‌ಲುಕ್ಕಿನ ಪಟ್ಟಿಯಲ್ಲಿ ಚೆನ್ನೈ, ಕೋಲ್ಕತ್ತಾ, ಮುಂಬೈ, ನವದೆಹಲಿ ಎಂದು ನಾಲ್ಕು ಊರುಗಳಿವೆ. ಜಗತ್ತಿನ ಅರ್ಧ ಸಾಫ್ಟ್‌ವೇರನ್ನು ನಾವೇ ಬರೆಯುತ್ತೇವೆಂದು ಬೀಗುವ ನಮ್ಮ ಊರಿನ ಹೆಸರು ಮಾತ್ರ ಇಲ್ಲ. ಇರಲಿ. ಹೀಗೆ ಮಾಡಿದರೆ ಅಪ್ಪನಿಗೆ ವರ್ಷವಿಡೀ ಏಳೂವರೆಯೇ. ನಮಗೆ ಮಾತ್ರ ಬೇಸಿಗೆಯಲ್ಲಿ ಮೂರು, ಚಳಿಗಾಲದಲ್ಲಿ ಎರಡು.

ಮಕ್ಕಳ ದಿನಚರಿಯೇ ಬಿಗಿಯಾಗಿರುತ್ತದೆ, ಸಭೆಯನ್ನು ಅವರ ಗಡಿಯಾರಕ್ಕೆ ಕಟ್ಟಬೇಕು ಎಂದು ಕೆಲವರು ವಾದಿಸಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಕೈಯಲ್ಲಿ ಕಾರು ಇದೆ, ಈಜಿನ ಹೊತ್ತನ್ನು ಬದಲಿಸಲು ಒಂದು ಇಮೇಲ್ ಸಾಕು. ಎಪ್ಪತ್ತೆಂಟರ ಅಪ್ಪನಿಗೆ ದೇವರ ದೀಪ, ಮಾತ್ರೆ, ಊಟ, ನಿದ್ದೆ ಎಲ್ಲವೂ ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ, ಒಂದನ್ನು ಎಳೆದರೆ ಎಲ್ಲವೂ ಜರುಗುತ್ತವೆ. ಇಂಗ್ಲೆಂಡಿನವರು ಬೆಳಕಿನ ಆಸೆಗೆ ಗಡಿಯಾರ ತಿರುಗಿಸಿದರೆ ಅದರ ತೊಂದರೆಯನ್ನು ಇಂಗ್ಲೆಂಡಿನಲ್ಲಿ ಇರುವವರು ಅನುಭವಿಸಲಿ.

ಷಿಕಾಗೋದಿಂದ ಅಣ್ಣನ ಮಕ್ಕಳೂ ಸೇರಿಕೊಂಡ ಮೇಲೆ ಇನ್ನೊಂದು ತಮಾಷೆ ಗೊತ್ತಾಯಿತು. ಅಮೆರಿಕದವರು ಮಾರ್ಚಿನ ಎರಡನೆಯ ಭಾನುವಾರ ಗಡಿಯಾರವನ್ನು ಮುಂದಿಡುತ್ತಾರೆ, ಇಲ್ಲಿ ಮಾರ್ಚಿನ ಕೊನೆಯ ಭಾನುವಾರ. 2026ರಲ್ಲಿ ಅವರದು ಮಾರ್ಚ್ 8, ನಮ್ಮದು ಮಾರ್ಚ್ 29. ನಡುವಿನ ಮೂರು ವಾರ ನಮಗೂ ಷಿಕಾಗೋಗೂ ಇರುವ ಅಂತರ ಆರು ಗಂಟೆಯಲ್ಲ, ಐದೇ. ಹಿಂದಿಡುವಾಗಲೂ ಹಾಗೆಯೇ: ಇಲ್ಲಿ ಅಕ್ಟೋಬರ್ 25, ಅಲ್ಲಿ ನವೆಂಬರ್ 1, ಒಂದು ವಾರದ ಗೊಂದಲ. ‘ನಿಮ್ಮ ಎರಡು ಗಂಟೆ, ನಮ್ಮ ಎಂಟು’ ಎಂದು ಬಾಯಿಪಾಠ ಮಾಡಿಕೊಂಡಿದ್ದ ಅತ್ತಿಗೆ ಒಂದು ಮಾರ್ಚಿನಲ್ಲಿ ಮಕ್ಕಳನ್ನು ಒಂದು ಗಂಟೆ ಮೊದಲೇ ಎಬ್ಬಿಸಿ ಕೂರಿಸಿದ್ದರು. ಅಮೆರಿಕದ್ದೇ ಆದ ಅರಿಜೋನಾ ರಾಜ್ಯದ ಬಹುಭಾಗದಲ್ಲಿ ಗಡಿಯಾರ ತಿರುಗಿಸುವ ಪದ್ಧತಿಯೇ ಇಲ್ಲ. ಅಲ್ಲಿನ ಫೀನಿಕ್ಸ್ ನಗರದಲ್ಲಿರುವವರು ನಮ್ಮ ಅಪ್ಪನಂತೆ ನೆಮ್ಮದಿಯವರು.

ಇದನ್ನೆಲ್ಲ ಅಪ್ಪನಿಗೆ ಅರ್ಥಮಾಡಿಸುವುದು ಹೇಗೆಂದು ನಾನು ಹೆದರಿದ್ದೆ. ಅವರಿಗೆ ಒಂದೇ ನಿಮಿಷ ಸಾಕಾಯಿತು. ಸೂರ್ಯೋದಯ ಊರಿಂದೂರಿಗೆ ಬೇರೆ ಎಂಬುದು ಪಂಚಾಂಗ ನೋಡುವವರಿಗೆ ಹೊಸ ಮಾತೇ? ಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಭಾರತದಲ್ಲೂ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು ಎಂದು ತಮ್ಮ ತಂದೆಯಿಂದ ಕೇಳಿದ್ದನ್ನು ಮೊಮ್ಮಕ್ಕಳಿಗೆ ಹೇಳಿದರು. ಅವತ್ತಿನ ಸಭೆ ಪೂರ್ತಿ ಅದೇ ಮಾತು.

ಮೆಲ್ಬರ್ನಿನಲ್ಲಿರುವ ತಂಗಿಯನ್ನೂ ಇದೇ ಸಭೆಗೆ ಸೇರಿಸಲು ತಿಂಗಳುಗಟ್ಟಲೆ ಒದ್ದಾಡಿದೆ. ಸಾಗರದ ಏಳೂವರೆ ಎಂದರೆ ಅವಳಿಗೆ ನಡುರಾತ್ರಿ, ಅಲ್ಲಿನ ಬೇಸಿಗೆಯಲ್ಲಿ ರಾತ್ರಿ ಒಂದು. ಷಿಕಾಗೋ, ರೆಡಿಂಗ್, ಸಾಗರ, ಮೆಲ್ಬರ್ನ್ ನಾಲ್ಕೂ ಕಡೆ ಮಕ್ಕಳು ಎಚ್ಚರವಿದ್ದು ನಗುತ್ತಾ ಕೂರುವ ಗಳಿಗೆ ಭೂಮಿಯ ಮೇಲೆ ಇಲ್ಲ. ಈಗ ಅವಳದು ಭಾನುವಾರ, ಸಾಗರದ ಬೆಳಿಗ್ಗೆ ಹತ್ತೂವರೆಗೆ, ಬೇರೆ ಸಭೆ. ಅಪ್ಪನಿಗೆ ವಾರಕ್ಕೆ ಎರಡು ಸಲ ಇಸ್ತ್ರಿ ಶರ್ಟು.

ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಕಚೇರಿಯ ಇಮೇಲಿನಿಂದ ಮನೆಯ ಸಭೆ ಕರೆಯಬೇಡಿ. ದಿನವಿಡೀ ತೆರೆದಿರುವುದು ಅದೇ ಕ್ಯಾಲೆಂಡರ್ ಎಂದು ನಾನು ಶುರುವಿಗೆ ಅಲ್ಲಿಂದಲೇ ಕಳುಹಿಸಿದ್ದೆ. ಕೆಲಸ ಬದಲಿಸಿದ ದಿನ ಖಾತೆ ಮುಚ್ಚಿತು. ಸಭೆ ಎಲ್ಲರ ಕ್ಯಾಲೆಂಡರಿನಲ್ಲೂ ಕಾಣುತ್ತಿತ್ತು, ಆದರೆ ಹೊತ್ತು ಬದಲಿಸಲು ಯಾರಿಗೂ ಅಧಿಕಾರವಿರಲಿಲ್ಲ, ಲಿಂಕೂ ತೆರೆಯಲಿಲ್ಲ. ಯಜಮಾನ ತೀರಿಕೊಂಡ ಮನೆಯ ಬೀಗದ ಹಾಗೆ. ಸ್ವಂತ ಖಾತೆಯಿಂದ ಕರೆಯಿರಿ, ಬೇಕಿದ್ದರೆ ಕಚೇರಿಯ ವಿಳಾಸವನ್ನು ಅತಿಥಿಯಾಗಿ ಸೇರಿಸಿಕೊಳ್ಳಿ. ಮಕ್ಕಳಿಗೆಂದು ಬೇರೆ ಖಾತೆ ತೆರೆಯುವ ಗೋಜೂ ಬೇಡ. ಬ್ರಿಟನ್ನಿನಲ್ಲಿ ಹದಿಮೂರು ತುಂಬದ ಮಗು ತಾನಾಗಿ ಗೂಗಲ್ ಖಾತೆ ತೆರೆಯುವಂತಿಲ್ಲ, ಪೋಷಕರ ನಿಗಾ ಬೇಕು. ನಮ್ಮ ಮನೆಯಲ್ಲಿ ಇಬ್ಬರೂ ನನ್ನ ಖಾತೆಯಲ್ಲೇ ಕೂರುತ್ತಾರೆ.

ಒಂದು ವಾರದ ಸಭೆ ರದ್ದು ಮಾಡುವಾಗ ‘ಇದೊಂದು ಮಾತ್ರ’, ‘ಇದು ಮತ್ತು ಮುಂದಿನವು’, ‘ಎಲ್ಲವೂ’ ಎಂದು ಗೂಗಲ್ ಕೇಳುತ್ತದೆ. ಅವಸರದಲ್ಲಿ ‘ಎಲ್ಲವೂ’ ಒತ್ತಿದರೆ ವರ್ಷದ ಶನಿವಾರಗಳೆಲ್ಲ ಮಾಯ, ಜೊತೆಗೆ ಸಭೆ ರದ್ದಾಗಿದೆ ಎಂಬ ಇಮೇಲ್ ಊರಿಗೆ ಹೋಗಿ ಅಲ್ಲಿ ಗಾಬರಿ. ಕಂಪ್ಯೂಟರಿನಲ್ಲಿ ತೆರೆದರೆ ಕಸದ ಬುಟ್ಟಿಯಲ್ಲಿ ಮೂವತ್ತು ದಿನ ಉಳಿದಿರುತ್ತದೆ, ಹೆಕ್ಕಿಕೊಳ್ಳಬಹುದು. ನೆನಪಿನ ಗಂಟೆಯನ್ನು ನೀವು ಇಟ್ಟರೆ ಅದು ನಿಮ್ಮ ಮೊಬೈಲಿನಲ್ಲಷ್ಟೇ ಬಾರಿಸುತ್ತದೆ. ಅಪ್ಪನ ಗಂಟೆಯನ್ನು ಅಪ್ಪನ ಮೊಬೈಲಿನಲ್ಲೇ ಇಡಬೇಕು, ರಜೆಗೆ ಹೋದಾಗ ಇದನ್ನು ಮರೆಯಬೇಡಿ. ಹಣ ಕೊಡದ ಖಾತೆಯಲ್ಲಿ ಮೂವರು ಅಥವಾ ಹೆಚ್ಚು ಜನ ಸೇರಿದರೆ ಮೀಟ್ ಅರವತ್ತು ನಿಮಿಷಕ್ಕೆ, ಝೂಮ್ ನಲವತ್ತಕ್ಕೆ ಮುಗಿಯುತ್ತದೆ. ಐವತ್ತೈದನೆಯ ನಿಮಿಷಕ್ಕೆ ಮೀಟ್ ತೋರಿಸುವ ಸೂಚನೆಯನ್ನು ಅಪ್ಪ ‘ಎಲೆ ಎತ್ತುವ ಹೊತ್ತು’ ಎಂದು ಕರೆಯುತ್ತಾರೆ. ಮಕ್ಕಳ ಸಹನೆ ಅದಕ್ಕೂ ಮುಂಚೆಯೇ ಮುಗಿದಿರುತ್ತದೆ ಎನ್ನುವುದು ಬೇರೆ ಮಾತು. ಇನ್ನೂ ಸ್ಕೈಪ್ ಎಂದು ಹುಡುಕುವ ಹಿರಿಯರಿದ್ದರೆ ತಿಳಿಸಿ, ಅದು 2025ರ ಮೇ ತಿಂಗಳಿನಲ್ಲೇ ಬಾಗಿಲು ಹಾಕಿತು.

ಸಭೆಯಲ್ಲಿ ಏನು ಮಾಡಬೇಕು ಎಂದೂ ಕೆಲವರು ಕೇಳುತ್ತಾರೆ. ನಾವು ಮೊದಲು ಒತ್ತಕ್ಷರ, ಕಾಗುಣಿತ ಎಂದು ಹೊರಟು ಮೂರೇ ವಾರದಲ್ಲಿ ಸೋತೆವು. ಈಗ ಆಮಂತ್ರಣದ ವಿವರಣೆಯ ಜಾಗದಲ್ಲಿ ಅಪ್ಪ ಪ್ರತಿ ವಾರ ಒಂದು ಒಗಟು ಬರೆಯುತ್ತಾರೆ. ಅತಿಥಿಗಳೂ ತಿದ್ದಬಹುದು ಎಂಬ ಅನುಮತಿ ಕೊಟ್ಟರೆ ಇದು ಸಾಧ್ಯ. ಉತ್ತರ ಗೊತ್ತಾಗಬೇಕಾದರೆ ಮೊದಲು ಓದಬೇಕು. ನನ್ನ ಮಗಳು ಕನ್ನಡ ಓದಲು ಕಲಿತದ್ದು ಕ್ಯಾಲೆಂಡರಿನಲ್ಲಿ. ಒಮ್ಮೆ ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಎಂದು ಬರೆದಿದ್ದರು. ಅಜ್ಜನ ಅಂಗಳದಲ್ಲಿ ಉತ್ತರ ಮಲ್ಲಿಗೆ. ಮಗ ಕಿಟಕಿಯ ಆಚೆ ನೋಡಿ ‘ಹಿಮ’ ಎಂದ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ ಪೂರ್ತಿ ಅಂಕ ಕೊಟ್ಟರು.

ಇಷ್ಟು ದಿನ ಸಭೆ ಕರೆಯುವ ಕೆಲಸ ನನ್ನದೇ ಆಗಿತ್ತು. ಹೋದ ಗಣೇಶನ ಹಬ್ಬದ ಮುಂಚೆ ನನ್ನ ಇಮೇಲಿಗೆ ಒಂದು ಆಮಂತ್ರಣ ಬಂತು. ಕರೆದವರು ಅಪ್ಪ. ‘ಗಣಪತಿ ಪೂಜೆ, ಬೆಳಿಗ್ಗೆ 9.30’, ಕಾಲವಲಯ ಕೋಲ್ಕತ್ತಾ, ಮೀಟ್ ಲಿಂಕ್ ಸಮೇತ. ನಮಗೆ ಅದು ಬೆಳಗಿನ ಜಾವದ ಐದು ಗಂಟೆ. ನಾನು ‘ಬಹುಶಃ’ ಎಂದು ಒತ್ತಿದೆ. ಪಕ್ಕದಲ್ಲಿದ್ದ ಮಗಳು ಮೊಬೈಲ್ ಕಸಿದುಕೊಂಡು ಅದನ್ನು ‘ಹೌದು’ ಮಾಡಿ, ನಾಲ್ಕೂಮುಕ್ಕಾಲಿಗೆ ಎಬ್ಬಿಸು ಎಂದು ನನಗೆ ಹೇಳಿ ಹೋದಳು.