'ಕವರ್ ವರ್ಷನ್'ಗೆ 'ಮರುಗಾಯನ' ಎಂದರೆ ಸಾಕೇ?

ಮಾನ್ಯರೆ,

ಒಬ್ಬರು ಹಾಡಿ ಧ್ವನಿಮುದ್ರಿಸಿದ ಹಾಡನ್ನು ಮುಂದೆ ಇನ್ನೊಬ್ಬರು ತಮ್ಮ ದನಿಯಲ್ಲಿ ಹಾಡಿ ಹೊರತಂದರೆ ಅದನ್ನು 'ಕವರ್ ವರ್ಷನ್' ಎನ್ನುತ್ತಾರಷ್ಟೆ. ಅಮೆರಿಕದ ಜನಪದ ಮೂಲದ ಜನಪ್ರಿಯ ಪ್ರಕಾರವಾದ ಕಂಟ್ರಿ ಸಂಗೀತದ ಕುರಿತು ನಾನು ಬರೆಯುತ್ತಿರುವ ಲೇಖನದಲ್ಲಿ ಇದಕ್ಕೆ 'ಮರುಗಾಯನ' ಎಂದು ಬಳಸಬಹುದೆಂಬ ಸಲಹೆ ಬಂದಿದೆ. ಆದರೆ ಆ ಸಂಗೀತದ ಗಾಯಕಿ, ಗೀತರಚನಕಾರ್ತಿ ಡಾಲಿ ಪಾರ್ಟನ್ ಅವರ 'ಐ ವಿಲ್ ಆಲ್ವೇಸ್ ಲವ್ ಯೂ' ಹಾಡಿನ ಚರಿತ್ರೆಗೆ ಈ ಪದವನ್ನು ಅನ್ವಯಿಸಿದರೆ ತೊಡಕು ಎದುರಾಗುತ್ತದೆ.

ತಮ್ಮನ್ನು ಟಿವಿ ಕಾರ್ಯಕ್ರಮದ ಮೂಲಕ ಬೆಳಕಿಗೆ ತಂದ ಗಾಯಕ ಪೋರ್ಟರ್ ವ್ಯಾಗನರ್ ಅವರನ್ನು ಬಿಟ್ಟು ಸ್ವತಂತ್ರವಾಗಿ ಹಾಡಲು ಹೊರಟಾಗ ಪಾರ್ಟನ್ ಬರೆದ ಈ ವಿದಾಯಗೀತೆ, 1974ರಲ್ಲಿ ಬಿಡುಗಡೆಯಾಗಿ, ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್ ಪ್ರಕಟಿಸುವ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. 1975ರಲ್ಲಿ ಇನ್ನೊಬ್ಬ ಗಾಯಕಿ ಲಿಂಡಾ ರಾನ್‌ಸ್ಟಾಟ್ ಅದನ್ನು ಹಾಡಿದರು. 1982ರಲ್ಲಿ ಚಲನಚಿತ್ರವೊಂದಕ್ಕಾಗಿ ಪಾರ್ಟನ್ ಅವರೇ ಮತ್ತೆ ಹಾಡಿದಾಗ ಹಾಡು ಅದೇ ಪಟ್ಟಿಯ ಅದೇ ಸ್ಥಾನವನ್ನು ಎರಡನೆಯ ಸಲ ಪಡೆಯಿತು. 1992ರಲ್ಲಿ 'ದಿ ಬಾಡಿಗಾರ್ಡ್' ಚಿತ್ರಕ್ಕೆ ವಿಟ್ನಿ ಹ್ಯೂಸ್ಟನ್ ಹಾಡಿದ್ದು ಬಿಲ್‌ಬೋರ್ಡ್‌ನ ಮುಖ್ಯ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿತ್ತು.

ಇವುಗಳಲ್ಲಿ 1982ರದನ್ನು 'ಮರುಗಾಯನ' ಎನ್ನಲು ಅಡ್ಡಿಯಿಲ್ಲ. ಆದರೆ ಅದು ಕವರ್ ಅಲ್ಲ. 1975 ಮತ್ತು 1992ರವು ಕವರ್‌ಗಳು. ಎರಡಕ್ಕೂ ಒಂದೇ ಪದ ಬಳಸಿದರೆ ಹಾಡು ಯಾರದು, ದನಿ ಯಾರದು ಎಂಬ ಭೇದವೇ ಅಳಿಸಿಹೋಗುತ್ತದೆ. ಮೇಲಾಗಿ 'ಮರುಮುದ್ರಣ'ದಂತಹ ಪದಗಳಲ್ಲಿ 'ಮರು' ಎಂಬುದು ಇದ್ದದ್ದನ್ನು ಇದ್ದಂತೆಯೇ ಮತ್ತೆ ಮಾಡುವುದನ್ನು ಸೂಚಿಸುತ್ತದೆ. ಇಲ್ಲಿ ಹಾಗಾಗಿಲ್ಲ. ಪಾರ್ಟನ್ ಮೂರನೆಯ ಚರಣವನ್ನು ಹಾಡದೆ, ಎದುರಿಗಿರುವವರಿಗೆ ಹೇಳುವಂತೆ ಮಾತಿನಲ್ಲಿ ಹೇಳುತ್ತಾರೆ. ಹ್ಯೂಸ್ಟನ್ ಯಾವ ವಾದ್ಯವೂ ಇಲ್ಲದೆ ಬರಿಯ ಕಂಠದಲ್ಲಿ ಆರಂಭಿಸಿ, ಆ ಚರಣವನ್ನೂ ಹಾಡಿ, ಕೊನೆಯ ಪಲ್ಲವಿಗೆ ಮುನ್ನ ಒಂದು ಕ್ಷಣ ನಿಂತು, ಡ್ರಮ್ಮಿನ ಒಂದೇ ಪೆಟ್ಟಿನೊಡನೆ ಶ್ರುತಿಯನ್ನೇ ಏರಿಸುತ್ತಾರೆ. ಇದನ್ನು ಪುನರಾವರ್ತನೆ ಎನ್ನಲು ನನಗೆ ಮನಸ್ಸು ಬಾರದು.

ಹಕ್ಕಿನ ವಿಷಯದಲ್ಲಿಯೂ ಈ ಭೇದ ಮುಖ್ಯ. ಎಲ್ವಿಸ್ ಪ್ರೀಸ್ಲಿ ಈ ಹಾಡನ್ನು ಹಾಡಲು ಬಯಸಿದಾಗ ಅವರ ವ್ಯವಸ್ಥಾಪಕರು ಪ್ರಕಾಶನ ಹಕ್ಕಿನಲ್ಲಿ, ಎಂದರೆ ಹಾಡಿನ ರಚನೆಯಿಂದ ಬರುವ ಆದಾಯದ ಹಕ್ಕಿನಲ್ಲಿ, ಅರ್ಧ ಪಾಲು ಕೇಳಿದರು; ಪಾರ್ಟನ್ ಒಪ್ಪಲಿಲ್ಲ. ಹ್ಯೂಸ್ಟನ್ ಅವರ ಧ್ವನಿಮುದ್ರಣ ಜಗತ್ತಿನಾದ್ಯಂತ ಮಾರಾಟವಾದಾಗ ಪ್ರಕಾಶನ ಹಕ್ಕಿನ ಗೌರವಧನವೂ ಪಾರ್ಟನ್ ಅವರಿಗೇ ಬಂದದ್ದು ಆ ದೃಢತೆಯಿಂದಲೇ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 31ಸಿ ಕಲಮು ಕವರ್‌ಗಳಿಗೆಂದೇ ಇರುವುದರಿಂದ ಕಾನೂನಿನ ಬರಹಕ್ಕೂ ಖಚಿತ ಪದವೊಂದು ಬೇಕು.

'ರೀಮೇಕ್' ಸಿನಿಮಾಕ್ಕೆ ಅಂಟಿಕೊಂಡ ಪದ. 'ಕವರ್' ಎಂದಷ್ಟೇ ಬರೆದರೆ ಲಕೋಟೆಯೋ ಅಂಗಡಿಯ ಚೀಲವೋ ನೆನಪಾಗುತ್ತದೆ. 'ಕವರ್ ಹಾಡು' ಎಂದರೆ ಯುವ ಓದುಗರಿಗೆ ತಿಳಿಯುತ್ತದೆ. ಸ್ವಂತ ಹಾಡನ್ನು ಮತ್ತೆ ಹಾಡಿದ್ದಕ್ಕೆ 'ಮರುಗಾಯನ', ಪರರ ಹಾಡನ್ನು ಹಾಡಿದ್ದಕ್ಕೆ 'ಅನ್ಯಗಾಯನ' ಎಂದು ಬಳಸಬೇಕೆಂಬುದು ನನ್ನ ಒಲವು. 'ಅನ್ಯಗಾಯನ' ಎಂಬ ಸಮಾಸ ಈ ಅರ್ಥವನ್ನು ಸರಿಯಾಗಿ ಕೊಡುತ್ತದೆಯೇ? ಸುಗಮ ಸಂಗೀತದವರಲ್ಲಿ ಅಥವಾ ಆರ್ಕೆಸ್ಟ್ರಾ ತಂಡಗಳಲ್ಲಿ ಇದಕ್ಕೆ ಬಳಕೆಯಲ್ಲಿರುವ ಬೇರೆ ಮಾತಿದ್ದರೆ, ಪ್ರಯೋಗದ ಸಂದರ್ಭದೊಡನೆ ದಯವಿಟ್ಟು ತಿಳಿಸಬೇಕು.