ಪದ ಬೇಕು: ಡಬ್ಬದ ಮೇಲೆ ಏನು ಬರೆಯಲಿ? (ಶನಿವಾರ ಸಂಜೆಯೊಳಗೆ)

ಫ್ರೀಮಾಂಟ್‌ನಿಂದ, ಗುರುವಾರ, 26 ಸೆಪ್ಟೆಂಬರ್ 2013

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಅರ್ಜೆಂಟು.

ಇದೇ ಭಾನುವಾರ, 29ಕ್ಕೆ, ಇಲ್ಲಿ ಅಮೆರಿಕದ ಟೀವಿಯಲ್ಲಿ ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿ ಮುಗಿಯುತ್ತದೆ. 2008ರಿಂದ ನೋಡಿಕೊಂಡು ಬಂದದ್ದು. 62ನೆಯದೇ ಕೊನೆ. ಅವತ್ತು ನಮ್ಮ ಮನೆಯಲ್ಲಿ ಹದಿನಾಲ್ಕು ಜನ ಸೇರುತ್ತಿದ್ದೇವೆ, ಎಲ್ಲರೂ ಕನ್ನಡದವರೇ. ಶುರುವಾಗುವ ಮುಂಚೆ ಪ್ರತಿಯೊಬ್ಬರೂ ‘ಏನಾಗುತ್ತೆ’ ಅಂತ ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಬೇಕು. ಮುಗಿದ ಮೇಲೆ ಬಿಡಿಸಿ ಓದುವುದು. ಜಾಸ್ತಿ ಸರಿ ಹೇಳಿದವರಿಗೆ ಒಂದು ಡಬ್ಬಿ ಕೋಡುಬಳೆ.

ಡಬ್ಬದ ಮೇಲೆ ಕನ್ನಡದಲ್ಲೇ ಬರೆಯಬೇಕು ಅಂತ ನನ್ನ ಹಟ. ‘ಫಿನಾಲೆ ಪ್ರಿಡಿಕ್ಷನ್ಸ್’ ಅನ್ನುವುದಕ್ಕೆ ಏನನ್ನಲಿ? ಭವಿಷ್ಯ ಅಂದರೆ ಪೇಪರಿನ ರಾಶಿಫಲ ನೆನಪಾಗುತ್ತದೆ. ಮುನ್ಸೂಚನೆ ಅಂದರೆ ಮಳೆ. ಊಹೆ ಅಂದರೆ ಸಪ್ಪೆ. ಫಿನಾಲೆಗೆ ಕೊನೆಯ ಕಂತೋ, ಅಂತಿಮ ಸಂಚಿಕೆಯೋ? ಶನಿವಾರ ಸಂಜೆ ಪ್ರಿಂಟ್ ತೆಗೆಯಬೇಕು.

ಇನ್ನೂ ನೋಡದವರು ಇದ್ದರೆ ಮುಂದಿನ ಮೇಲ್‌ಗಳನ್ನು ಜೋಪಾನವಾಗಿ ಓದಿ.

ಮೈಸೂರಿನಿಂದ

‘ಅಂತಿಮ ಸಂಚಿಕೆಯ ಭವಿಷ್ಯವಾಣಿ’. ಟೀವಿಯವರೆಲ್ಲ ಸಂಚಿಕೆ ಅಂತಲೇ ಬರೆಯುವುದು. ಇದಕ್ಕೆ ಚರ್ಚೆ ಯಾಕೆ?

ಶಿವಮೊಗ್ಗದಿಂದ

> ಭವಿಷ್ಯವಾಣಿ

ವಾಣಿ ಆಕಾಶದಿಂದ ಬರುತ್ತದೆ, ಕಂಸನಿಗೆ ಬಂದ ಹಾಗೆ. ಕೋಡುಬಳೆ ಆಸೆಗೆ ಚೀಟಿ ಬರೆಯುವವರ ಬಾಯಿಂದ ಬರುವುದಿಲ್ಲ.

ಸಂಚಿಕೆ ಎನ್ನುವುದು ಪತ್ರಿಕೆಯವರ ಮಾತು. ದೀಪಾವಳಿ ವಿಶೇಷ ಸಂಚಿಕೆ, ಸರಿ. ವಾರಪತ್ರಿಕೆಯಲ್ಲಿ ಕಾದಂಬರಿ ಬರುತ್ತಿದ್ದಾಗ ಸಂಚಿಕೆ ಪತ್ರಿಕೆಯದು, ಕಂತು ಕತೆಯದು. ಕಂತಿನ ಕೆಳಗೆ ‘ಮುಂದುವರಿಯುವುದು’ ಅಂತ ಇರುತ್ತಿತ್ತು. ಟೀವಿಯವರು ಎರಡನ್ನೂ ಕಲಸಿಬಿಟ್ಟರು. ಈಗ ‘ಮಹಾಸಂಚಿಕೆ’ ಬೇರೆ.

ನನ್ನ ಸೂಚನೆ: ಕೊನೆಯದಕ್ಕೆ ‘ಮಂಗಳ’. ಹರಿಕಥೆಗೂ ಯಕ್ಷಗಾನಕ್ಕೂ ಮಂಗಳ ಇದೆ, ಧಾರಾವಾಹಿಗೆ ಯಾಕೆ ಬೇಡ? ‘ಆ ವ್ಯವಹಾರಕ್ಕೆ ಮಂಗಳ ಹಾಡಿದೆವು’ ಅಂತ ಮನೆಯಲ್ಲೂ ಅನ್ನುತ್ತೇವಲ್ಲ.

ಇನ್ನು ಪ್ರಿಡಿಕ್ಷನ್‌ಗೆ ‘ಕಾರಣಿಕ’. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆ ನೋಡಿದ್ದೀರಾ? ಗೊರವಯ್ಯ ಎತ್ತರದ ಬಿಲ್ಲು ಏರುತ್ತಾನೆ. ‘ಸದ್ದಲೇ’ ಅನ್ನುತ್ತಾನೆ. ಅಷ್ಟು ದೊಡ್ಡ ಜನಸಾಗರ ಗಪ್‌ಚುಪ್. ಒಂದೇ ಒಂದು ಮಾತು ಹೇಳಿ ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಒಂದು ಮಾತಿಗೆ ರೈತರು ಮಳೆಯ ಅರ್ಥ ಹೇಳುತ್ತಾರೆ, ರಾಜಕೀಯದವರು ಕುರ್ಚಿಯ ಅರ್ಥ ಹೇಳುತ್ತಾರೆ. ನಿಮ್ಮ ಧಾರಾವಾಹಿಯವರು ಮಾಡುತ್ತಿರುವುದೂ ಅದೇ ಅಲ್ವಾ? ಒಂದು ತುಣುಕು ತೋರಿಸಿ ಸುಮ್ಮನಾಗುವುದು.

ಮಂಗಳೂರಿನಿಂದ

ಕಾರಣಿಕ ಒಬ್ಬ ಹೇಳುವುದು, ಊರೆಲ್ಲ ಕೇಳುವುದು. ಇಲ್ಲಿ ಹದಿನಾಲ್ಕು ಜನವೂ ಹೇಳುವವರೇ. ಹಾಗಾಗಿ ಹೊಂದುವುದಿಲ್ಲ.

‘ಕಣಿ’ ಬಳಸಿ. ಕೊರವಂಜಿ ಹೇಳುವುದು ಕಣಿ. ಮೂಲ ‘ಕಾಣು’. ನಮ್ಮಲ್ಲಿ ಬಿಸು ಹಬ್ಬಕ್ಕೆ ಕಣಿ ಇಡುತ್ತೇವೆ. ಬೆಳಗ್ಗೆ ಎದ್ದ ಕೂಡಲೇ ಮೊದಲು ಕಾಣಬೇಕಾದದ್ದು ಅದು. ಮೊದಲೇ ಕಾಣುವುದು ಯಾವುದೋ ಅದೇ ಕಣಿ. ಎರಡಕ್ಷರ, ಡಬ್ಬದ ಮೇಲೆ ಜಾಗವೂ ಉಳಿಯುತ್ತದೆ.

ಬೆಂಗಳೂರಿನಿಂದ

ಬವಿಶ್ಯ, ಊಹೆ, ಸಂಚಿಕೆ, ಅಂತಿಮ, ಮಂಗಳ – ಎಲ್ಲವೂ ಸಕ್ಕದ, ಅಂದರೆ ಸಂಸ್ಕ್ರುತ. ಕನ್ನಡದ ಪದ ಕೇಳಿದವರಿಗೆ ಇಲ್ಲಿಯವರೆಗೆ ಕನ್ನಡದ್ದು ಅಂತ ಸಿಕ್ಕಿದ್ದು ಕಣಿ ಒಂದೇ. ನನ್ನ ಕಡೆಯಿಂದ: ‘ಕೊನೆಕಂತಿನ ಮುಂಗಾಣ್ಕೆ’. ಮುನ್+ಕಾಣ್ಕೆ. ಯಾರಿಗೂ ಹುರುಳು ಬಿಡಿಸಿ ಹೇಳಬೇಕಾಗಿಲ್ಲ.

ಕಂತು ಪದ ಎಶ್ಟು ಚೆನ್ನಾಗಿದೆ ನೋಡಿ. ಹೊತ್ತು ಕಂತುತ್ತದೆ ಅಂದರೆ ಮುಳುಗುತ್ತದೆ. ಸಾಲದ ಕಂತು ಬಂದಿದ್ದೂ ಅಲ್ಲಿಂದಲೇ ಅನ್ನುವುದು ನನ್ನ ಎಣಿಕೆ. ಒಂದೊಂದು ಕಂತು ಕಟ್ಟಿದ ಹಾಗೆ ಸಾಲ ಒಂದಿಶ್ಟು ಮುಳುಗುತ್ತದೆ. ಕತೆಯೂ ಹಾಗೆಯೇ, ಕಂತು ಕಂತಾಗಿ ಮುಳುಗುತ್ತದೆ. ಕೊನೆಕಂತು ಅಂದರೆ ಪೂರ‍್ತಿ ಮುಳುಗು.

ಧಾರವಾಡದಿಂದ

> ಸಾಲದ ಕಂತು ಬಂದಿದ್ದೂ ಅಲ್ಲಿಂದಲೇ

ಆಧಾರ? ಕಂತು ಅಂದರೆ ಮನ್ಮಥನೂ ಹೌದು. ಕಂತುಪಿತ, ಕಂತುಹರ ಕೇಳಿಲ್ಲವೇ? ಹಾಗಾದರೆ ಸಾಲದ ಕಂತು ಕಟ್ಟುವವರೆಲ್ಲ ಕಾಮದೇವನ ಭಕ್ತರು ಅಂತ ನಾನೂ ಒಂದು ಎಣಿಕೆ ಹೇಳಬಹುದು. ಸದ್ದು ಒಂದೇ ಆದರೆ ಬೇರು ಒಂದೇ ಆಗುವುದಿಲ್ಲ.

ಮತ್ತು ‘ಅಂತಿಮ ಕಂತು’ ಅಂತ ಯಾರಾದರೂ ಹೇಳುವ ಮುಂಚೆಯೇ ಹೇಳಿಬಿಡುತ್ತೇನೆ, ಅದು ಅರಿಸಮಾಸ. ಸಂಸ್ಕೃತದ ಪದಕ್ಕೆ ಕನ್ನಡದ್ದನ್ನು ಗಂಟು ಹಾಕುವುದು. ವ್ಯಾಕರಣ ಬರೆದ ಕೇಶಿರಾಜ ಬಿರುದುಗಳಲ್ಲಿ, ಹಿಂದಿನ ಕವಿಗಳು ಬಳಸಿದ ಕಡೆ ಮಾತ್ರ ಬಿಟ್ಟುಕೊಟ್ಟಿದ್ದಾನೆ. ನಿಮ್ಮ ಡಬ್ಬ ಎರಡರಲ್ಲೂ ಸೇರುವುದಿಲ್ಲ.

ಮೈಸೂರಿನಿಂದ

ಮುನ್ಸೂಚನೆಯೂ ಅರಿಸಮಾಸವೇ. ಮುನ್ ಕನ್ನಡ, ಸೂಚನೆ ಸಂಸ್ಕೃತ. ಹವಾಮಾನ ಇಲಾಖೆಗೆ ನೋಟಿಸ್ ಕಳಿಸಿ.

ಫ್ರೀಮಾಂಟ್‌ನಿಂದ, ಶುಕ್ರವಾರ

ದಯವಿಟ್ಟು ಜಗಳ ಆಮೇಲೆ ಆಡಿ. ಚೀಟಿಯಲ್ಲಿ ಬರುವುದು ಎಂಥದ್ದು ಅಂತ ನಾನು ಸರಿಯಾಗಿ ಹೇಳಲಿಲ್ಲ ಅನ್ನಿಸುತ್ತೆ. ಅದು ಒಂದೇ ಜಾತಿಯದಲ್ಲ.

ಒಂದು, ಲೆಕ್ಕ ಹಾಕಿ ಹೇಳುವುದು. ಕಳೆದ ವರ್ಷ ಜುಲೈ 15ರ ಕಂತಿನ ಮೊದಲ ದೃಶ್ಯ ನೆನಪಿಸಿಕೊಳ್ಳಿ. ಕಥಾನಾಯಕ, ಕೆಮಿಸ್ಟ್ರಿ ಮೇಷ್ಟ್ರು ವಾಲ್ಟರ್ ವೈಟ್ ಗಡ್ಡ ಬಿಟ್ಟುಕೊಂಡು ಹೋಟೆಲಿನಲ್ಲಿ ಒಬ್ಬನೇ ಕೂತು ಬೇಕನ್ ತುಂಡುಗಳಲ್ಲಿ 52 ಅಂತ ಬರೆಯುತ್ತಾನೆ. ಹುಟ್ಟುಹಬ್ಬ. ಆಮೇಲೆ ಒಂದು ಕಾರಿನ ಕೀ ಕೈಗೆ ಬರುತ್ತದೆ, ಡಿಕ್ಕಿಯಲ್ಲಿ ಮಷಿನ್ ಗನ್. ಈ ವರ್ಷ ಆಗಸ್ಟ್‌ನಲ್ಲಿ ಇನ್ನೊಂದು ತುಣುಕು. ಪಾಳುಬಿದ್ದ ತನ್ನ ಮನೆಗೇ ನುಗ್ಗಿ, ಗೋಡೆಯ ಪ್ಲಗ್ ಹಿಂದೆ ಬಚ್ಚಿಟ್ಟಿದ್ದ ರೈಸಿನ್ ವಿಷ ತೆಗೆದುಕೊಂಡು ಹೋಗುತ್ತಾನೆ. ಗನ್ ಯಾರಿಗೆ, ರೈಸಿನ್ ಯಾರಿಗೆ? ಒಂದು ವರ್ಷದಿಂದ ಎಲ್ಲರ ತಲೆಯಲ್ಲಿ ಇದೇ. ನನ್ನ ಚೀಟಿ ಈಗಲೇ ಹೇಳಿಬಿಡುತ್ತೇನೆ: ಗನ್ ಅವನ ದುಡ್ಡು ದೋಚಿದ ಜ್ಯಾಕ್ ಗ್ಯಾಂಗಿಗೆ. ಅಷ್ಟು ದೊಡ್ಡ ಗನ್ ಒಬ್ಬನಿಗೆ ಬೇಕಾಗಲ್ಲ. ರೈಸಿನ್ ಮಾದಕದ ವ್ಯಾಪಾರದಲ್ಲಿ ಜೊತೆಗಿದ್ದ ಲಿಡಿಯಾಗೆ. ಅದು ನಿಧಾನಕ್ಕೆ ಕೊಲ್ಲುವ ವಿಷ, ಗುಂಪಿನ ಮೇಲೆ ಬಳಸಲು ಬರಲ್ಲ.

ಇನ್ನೊಂದು, ಆಸೆ. ವಾಲ್ಟರನ ಹಳೆಯ ಶಿಷ್ಯ ಜೆಸ್ಸಿ ಬದುಕಬೇಕು ಅನ್ನುವುದು. ಅದಕ್ಕೆ ಸಾಕ್ಷಿ ಏನೂ ಇಲ್ಲ. ಕಳೆದ ಭಾನುವಾರ ಅವನನ್ನು ಪಂಜರದಲ್ಲಿ ನೋಡಿದ ಮೇಲೆ ಹೊಟ್ಟೆಯಲ್ಲಿ ಸಂಕಟ ಇದೆ, ಅಷ್ಟೇ. ಅಮ್ಮನಿಗೆ ಫೋನಿನಲ್ಲಿ ಕತೆ ಹೇಳಿದೆ. ಅವರು ಒಂದು ಕಂತೂ ನೋಡಿಲ್ಲ. ‘ಮೇಷ್ಟ್ರು ಸಾಯ್ತಾನೆ ಬಿಡು, ಆ ಹುಡುಗ ಬದುಕ್ಕೊಳ್ಳಲಿ’ ಅಂದರು. ಇದನ್ನೂ ಒಂದು ಚೀಟಿ ಮಾಡಿ ಹಾಕುತ್ತೇನೆ. ಆದರೆ ಅಮ್ಮ ಹೇಳಿದ್ದು ಮುಂಗಾಣ್ಕೆಯಾ? ನನಗೆ ಹಾಗನ್ನಿಸಲ್ಲ.

ಮೂರನೆಯದು ಹೆಸರಿನ ಆಟ. ಕೊನೆಯ ಕಂತಿನ ಹೆಸರು ‘ಫೆಲಿನಾ’. ಆ ಹೆಸರಿನವರು ಕತೆಯಲ್ಲಿ ಯಾರೂ ಇಲ್ಲ. ಕೆಲವರು ಫೆ, ಲಿ, ನಾ ಅಂತ ಬಿಡಿಸುತ್ತಾರೆ: ಕಬ್ಬಿಣ, ಲಿಥಿಯಂ, ಸೋಡಿಯಂ. ಅಂದರೆ ರಕ್ತ, ಮೆತ್ ಅನ್ನುವ ಮಾದಕ, ಕಣ್ಣೀರು. ಕೆಮಿಸ್ಟ್ರಿ ಮೇಷ್ಟ್ರ ಕತೆ ತಾನೇ. ಇನ್ನು ಕೆಲವರು 1959ರ ‘ಎಲ್ ಪಾಸೊ’ ಹಾಡಿನ ಫೆಲೀನಾಳನ್ನು ಹಿಡಿದುಕೊಂಡಿದ್ದಾರೆ. ಆ ಹಾಡಿನಲ್ಲಿ ಓಡಿಹೋದವನು ಅವಳಿಗಾಗಿ ವಾಪಸ್ ಬಂದು ಗುಂಡೇಟಿಗೆ ಸಾಯುತ್ತಾನೆ. ಹಾಡು ಹಿಡಿದವರ ಚೀಟಿಯಲ್ಲಿ ವಾಲ್ಟರ್ ಸಾಯುವುದು ಗ್ಯಾರಂಟಿ.

ಈ ಮೂರನ್ನೂ ಹಿಡಿಸುವ ಒಂದು ಮಾತು ಬೇಕು.

ಧಾರವಾಡದಿಂದ

ರೈಸಿನ್ ಎಂದರೆ ಔಡಲ ಬೀಜದ ವಿಷ. ನಿಮ್ಮ ಕಡೆ ಹರಳು ಅನ್ನುತ್ತಾರೆ. ಎಣ್ಣೆಗೆ ಇಳಿಯುವುದಿಲ್ಲ, ಹಿಂಡಿಯಲ್ಲಿ ಉಳಿಯುತ್ತದೆ. ಅದಕ್ಕೇ ಔಡಲ ಹಿಂಡಿಯನ್ನು ಹೊಲಕ್ಕೆ ಹಾಕುತ್ತಾರೆ, ದನಕ್ಕಲ್ಲ. ಅಮೆರಿಕಕ್ಕೆ ಹೋದ ಕೂಡಲೇ ಔಡಲ ಮರೆಯಬಾರದು.

ಮಂಗಳೂರಿನಿಂದ

ಮೂರನ್ನೂ ಹಿಡಿಸುವುದು ಕಣಿಯೇ. ಕೊರವಂಜಿ ಏನು ಮಾಡುತ್ತಾಳೆ? ಮುಖ ನೋಡಿ ಲೆಕ್ಕ ಹಾಕುತ್ತಾಳೆ. ನಿಮಗೆ ಏನು ಆಸೆಯೋ ಅದನ್ನೇ ಹೇಳುತ್ತಾಳೆ. ಮಧ್ಯೆ ಹೆಸರು ಹಿಡಿದು ಆಟ ಆಡುತ್ತಾಳೆ. ನಿಮ್ಮ ಅಮ್ಮ ಹೇಳಿದ್ದು ಅಪ್ಪಟ ಕಣಿ.

ಬೆಂಗಳೂರಿನಿಂದ

ಕಣಿಗೆ ಒಪ್ಪಿದೆ. ಮುಂಗಾಣ್ಕೆ ಬಿಟ್ಟೆ. ಆದರೆ ‘ಕೊನೆಕಂತು’ ಬಿಡುವುದಿಲ್ಲ. ‘ಕೊನೆಕಂತಿನ ಕಣಿ’. ಕ, ಕ, ಕ. ಇನ್ನೇನು ಬೇಕು?

ಶಿವಮೊಗ್ಗದಿಂದ

ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಸಕ್ಕದ ಬೇಡ ಅಂತ ಗುಡಿಸುತ್ತಾ ಹೋದರೆ ಎಲ್ಲಿ ನಿಲ್ಲುತ್ತೀರಿ? ಡಬ್ಬ, ಚೀಟಿ ಎರಡೂ ಉತ್ತರದಿಂದ ಬಂದವು. ನಾನು ಮೇಲೆ ಬರೆದ ಕುರ್ಚಿ ಅರಬ್ಬಿ. ಅವನ್ನೆಲ್ಲ ಬಿಟ್ಟು ಸಂಸ್ಕೃತದ ಮೇಲೆ ಮಾತ್ರ ಕೋಪ ಯಾಕೆ?

ಬೆಂಗಳೂರಿನಿಂದ

ಚೀಟಿ ಸಂತೆಯಿಂದ ಬಂತು, ಜನ ತಂದರು. ಸಂಚಿಕೆ ಪಂಡಿತರ ಮೇಜಿನಿಂದ ಬಂತು. ಅಶ್ಟೇ ಬೇರೆತನ.

ಧಾರವಾಡದಿಂದ

ಮೊದಲು ಮಹಾಪ್ರಾಣ ವಾಪಸ್ ಕೊಡಿ, ಆಮೇಲೆ ಮಾತು. ‘ಅಶ್ಟೇ’ ಓದಿದರೆ ಹಲ್ಲು ಜುಮ್ಮೆನ್ನುತ್ತದೆ.

ಒಂಬತ್ತನೇ ಶತಮಾನದ ಕವಿರಾಜಮಾರ್ಗದಲ್ಲೇ ಇದೆ, ಸಂಸ್ಕೃತ ಕನ್ನಡ ಸೇರಿಸಿ ಸಮಾಸ ಮಾಡುವುದು ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿಟ್ಟಂತೆ ಅಂತ. ಅವನು ಬೇಡ ಅಂದದ್ದು ಬೆರಸುವುದನ್ನು, ತರುವುದನ್ನಲ್ಲ. ಸಂಸ್ಕೃತ ತಂದು ಸಂಸ್ಕೃತದ ಪಕ್ಕದಲ್ಲೇ ಇಟ್ಟರೆ ಹಾಲು ಒಡೆಯುವುದಿಲ್ಲ.

ಬೆಂಗಳೂರಿನಿಂದ

ಶ ಮತ್ತು ಷ ಎರಡೂ ಮಹಾಪ್ರಾಣ ಅಲ್ಲ. ತಿದ್ದುವ ಮುಂಚೆ ಅಕ್ಶರಮಾಲೆ ನೋಡಿಕೊಳ್ಳಿ.

ಮೈಸೂರಿನಿಂದ

ಇದಕ್ಕೇ ನಾನು ಮೊದಲ ಮೇಲ್‌ನಲ್ಲೇ ಚರ್ಚೆ ಯಾಕೆ ಅಂದಿದ್ದು.

ಇರಲಿ. ಒಂದು ವಿಷಯ ಯಾರೂ ಗಮನಿಸಿಲ್ಲ. ಫೆಲಿನಾ ಅನ್ನುವ ಹೆಸರಿನ ಅಸಲಿ ಆಟ ಲಿಥಿಯಂ ಅಲ್ಲ, ಹಾಡೂ ಅಲ್ಲ. ಇಂಗ್ಲಿಷಿನ ಫಿನಾಲೆ ಪದದ ಆರು ಅಕ್ಷರಗಳನ್ನು ಅದಲುಬದಲು ಮಾಡಿದರೆ ಫೆಲಿನಾ. ಇಂಥ ಆಟ ನಮ್ಮ ಲಿಪಿಯಲ್ಲಿ ಸಾಮಾನ್ಯವಾಗಿ ಕೆಟ್ಟುಹೋಗುತ್ತದೆ. ನಮ್ಮಲ್ಲಿ ಸ್ವರ ವ್ಯಂಜನಕ್ಕೆ ಅಂಟಿಕೊಂಡಿರುತ್ತದೆ ನೋಡಿ. ಸುಮ್ನೆ ಕಾಗದದ ಮೇಲೆ ಬಿಡಿಸಿ ನೋಡಿದೆ.

ಫೆಲಿನಾ: ಫ, ಲ, ನ. ಗುಣಿತದ ಗುರುತು ಎತ್ವ, ಗುಡಿಸು, ಇಳಿ.
ಫಿನಾಲೆ: ಫ, ನ, ಲ. ಗುರುತು ಗುಡಿಸು, ಇಳಿ, ಎತ್ವ.

ಅದೇ ಮೂರು ವ್ಯಂಜನ, ಅದೇ ಮೂರು ಗುರುತು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ನಾ ಹಾಗೇ ಇರುತ್ತದೆ. ಫ ಮತ್ತು ಲ ತಮ್ಮ ಎತ್ವ, ಗುಡಿಸು ಬದಲಾಯಿಸಿಕೊಳ್ಳುತ್ತವೆ. ಇಂಗ್ಲಿಷಿನವರು ಫಿನಾಲಿ ಅನ್ನುತ್ತಾರೆ. ನಮ್ಮ ರಿಯಾಲಿಟಿ ಶೋದವರು ‘ಗ್ರ್ಯಾಂಡ್ ಫಿನಾಲೆ’ ಅಂತ ಬರೆದು ರೂಢಿ ಮಾಡಿದ್ದಾರೆ. ಇಟಲಿಯವರ ಉಚ್ಚಾರವೂ ಅದೇ. ಇಂಗ್ಲಿಷ್ ಪದವೂ ಇಟಲಿಯಿಂದ ಕಡ ತಂದದ್ದೇ ತಾನೇ. ಫಿನಾಲಿ ಅಂತ ಬರೆದಿದ್ದರೆ ಆಟ ಕೆಡುತ್ತಿತ್ತು.

ಕೊನೆಕಂತು ಅಂದರೂ ಕೆಡುತ್ತದೆ. ಮಂಗಳ ಅಂದರೂ, ನನ್ನ ಅಂತಿಮ ಸಂಚಿಕೆ ಅಂದರೂ ಕೆಡುತ್ತದೆ. ಬೇರೆ ಧಾರಾವಾಹಿಗೆ ನಿಮಗೆ ಬೇಕಾದ್ದು ಬರೆದುಕೊಳ್ಳಿ, ಈ ಡಬ್ಬಕ್ಕೆ ಫಿನಾಲೆಯೇ.

ಶಿವಮೊಗ್ಗದಿಂದ

ಭವಿಷ್ಯವಾಣಿಯ ಪಾಪ ತೀರಿತು. ನಾನು ಮಂಗಳ ಹಿಂತೆಗೆದುಕೊಂಡೆ.

ಧಾರವಾಡದಿಂದ

‘ಫಿನಾಲೆ ಕಣಿ’ ಅಂತ ಸಮಾಸ ಮಾಡಬೇಡಿ. ‘ಫಿನಾಲೆಯ ಕಣಿ’. ವಿಭಕ್ತಿ ಇರಲಿ.

ಬೆಂಗಳೂರಿನಿಂದ

ಒಪ್ಪಿಲ್ಲ, ಆದರೆ ಆಟ ಚೆನ್ನಾಗಿದೆ. ಒಂದೇ ಕೋರಿಕೆ. ಅದು ಹಲ್ಲು-ತುಟಿಯ ಸದ್ದು, ‘ಫಲ’ದ ಫ ಅಲ್ಲ. ಕೆಳಗೆ ಎರಡು ಚುಕ್ಕಿ ಇಡಿ.

ಫ್ರೀಮಾಂಟ್‌ನಿಂದ, ಶನಿವಾರ

ಎಲ್ಲರಿಗೂ ಥ್ಯಾಂಕ್ಸ್. ಪ್ರಿಂಟ್ ತೆಗೆದಾಯಿತು. ಮೇಲಿನ ಸಾಲು ‘ಫೆಲಿನಾ, ಫಿನಾಲೆ’. ಕೆಳಗೆ ‘ನಿಮ್ಮ ಕಣಿ ಇಲ್ಲಿ ಹಾಕಿ’. ಮೂಲೆಯಲ್ಲಿ ಚಿಕ್ಕದಾಗಿ ‘ಔಡಲ ಬೀಜ ಯಾರಿಗೆ?’ ಅಂತ ಒಂದು ಪ್ರಶ್ನೆ. ಧಾರವಾಡದವರ ಲೆಕ್ಕಕ್ಕೆ.

ಚುಕ್ಕಿ ನಮ್ಮ ಫಾಂಟಿನಲ್ಲಿ ಬರಲಿಲ್ಲ. ಪೆನ್ನಿನಲ್ಲಿ ಇಟ್ಟಿದ್ದೇನೆ. ಎರಡು ಫ, ನಾಲ್ಕು ಚುಕ್ಕಿ.