ಇಂಗ್ಲಿಷ್ ವರದಿ ಬರೆಯಲು ಬರದಿದ್ದರೆ ತಂಡ ನಡೆಸಲೂ ಬರುವುದಿಲ್ವಾ?

ತುಂಗಭದ್ರೆ ದಂಡೆ

ಎರಡು ವಾರದಿಂದ ಮನಸ್ಸು ಕೊರೆಯುತ್ತಿರುವ ವಿಷಯ ಇದು. ಈ ಚರ್ಚಾ ವೇದಿಕೆಯಲ್ಲಿ ಸಮಾಜಕಾರ್ಯದವರು ಜಾಸ್ತಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಾನು ಕೊಪ್ಪಳದ ಕಡೆ ಮಕ್ಕಳ ಹಕ್ಕಿನ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿದ್ದೇನೆ. ನಮ್ಮಲ್ಲಿ ಒಬ್ಬ ಅಕ್ಕ ಇದ್ದಾರೆ. ಎಸ್ಸೆಸ್ಸೆಲ್ಸಿ ಓದಿದ್ದಾರೆ. 14 ವರ್ಷದಿಂದ ಫೀಲ್ಡಿನಲ್ಲಿದ್ದಾರೆ. ಯಾರ ಮನೆಯ ಹುಡುಗಿ ಶಾಲೆ ಬಿಟ್ಟಿದ್ದಾಳೆ, ಯಾವ ಮನೆಯವರು ಗುಳೆ ಹೋಗಿದ್ದಾರೆ, ಎಲ್ಲವೂ ಅವರಿಗೆ ಬಾಯಿಪಾಠ. ಊರಲ್ಲಿ ಚಿಕ್ಕ ಹುಡುಗಿಗೆ ಮದುವೆ ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹೋಗುವ ಮೊದಲೇ ಅಕ್ಕನಿಗೆ ಫೋನ್ ಬರುತ್ತದೆ. ಹೋಗಿ ತಾಯಿಯ ಪಕ್ಕ ಕೂತು ಮಾತಾಡುತ್ತಾರೆ. ಶಿಶು ಅಭಿವೃದ್ಧಿ ಅಧಿಕಾರಿ (ಸಿಡಿಪಿಒ), ಪೊಲೀಸರು ಬರುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ.

ತಾಲ್ಲೂಕು ಸಂಯೋಜಕರ ಹುದ್ದೆ ಖಾಲಿಯಾಯಿತು. ಈ ಸಲ ಅಕ್ಕನಿಗೇ ಎಂದುಕೊಂಡಿದ್ದೆವು. ಸಂದರ್ಶನ ಇಂಗ್ಲಿಷ್‌ನಲ್ಲಿ ನಡೆಯಿತು. ಅಕ್ಕ ಹತ್ತು ನಿಮಿಷದಲ್ಲಿ ಹೊರಗೆ ಬಂದರು. ಬೇರೆ ಊರಿನಿಂದ, ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂಎಸ್‌ಡಬ್ಲ್ಯೂ ಮುಗಿಸಿದ ಹುಡುಗ ಬಂದಿದ್ದಾನೆ. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ. ಈಗ ಅವನ ಜೊತೆ ಹಳ್ಳಿಗೆ ಹೋಗಿ ಅವನ ಮಾತನ್ನು ಜನರಿಗೆ, ಜನರ ಮಾತನ್ನು ಅವನಿಗೆ ತಿಳಿಸುವ ಕೆಲಸವನ್ನು ಅಕ್ಕನಿಗೇ ಕೊಟ್ಟಿದ್ದಾರೆ.

ಇದು ಸರಿಯಾ?

ಪ್ರಾಜೆಕ್ಟ್ ಮ್ಯಾನೇಜರ್

ಅಕ್ಕನ ಬಗ್ಗೆ ನಿಮಗಿರುವ ಗೌರವ ಅರ್ಥವಾಗುತ್ತದೆ. ಆದರೆ ನಾನು ಅದೇ ಕುರ್ಚಿಯಲ್ಲಿ ಕೂತವನು, ಇನ್ನೊಂದು ಬದಿ ಹೇಳುತ್ತೇನೆ. ನನ್ನ ತಂಡದಲ್ಲಿ 12 ಜನ ಇದ್ದಾರೆ. ಅವರ ಸಂಬಳ ಒಂದು ಪ್ರೊಪೋಸಲ್ ಮೇಲೆ ನಿಂತಿದೆ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದಲ್ಲಿ 2% ಸಮಾಜದ ಕೆಲಸಕ್ಕೆ, ಅಂದರೆ ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ನಮ್ಮಂಥವರು ಆ ಹಣ ಕೇಳುತ್ತೇವೆ. ಅದನ್ನು ಕೊಡುವವರು ಮುಂಬೈನಲ್ಲೋ ಗುರುಗ್ರಾಮದಲ್ಲೋ ಇರುತ್ತಾರೆ. ಕನ್ನಡ ವರದಿ ಕಳಿಸಿದರೆ ಯಾರು ಓದುತ್ತಾರೆ? ವಿದೇಶಿ ದೇಣಿಗೆ ಇದ್ದರೆ ಅದರ ಕಾಯ್ದೆಯಾದ ಎಫ್‌ಸಿಆರ್‌ಎ ಲೆಕ್ಕ ಬೇರೆ. ವರದಿ ಸರಿ ಇಲ್ಲ ಎಂದು ಕಂತು ನಿಂತಿದ್ದನ್ನು ನಾನು ಕಂಡಿದ್ದೇನೆ. ಆಗ ಮೊದಲು ಸಂಬಳ ನಿಂತಿದ್ದು ಫೀಲ್ಡಿನವರದ್ದೇ.

ಜನರ ಮೇಲೆ ಪ್ರೀತಿ ಇದ್ದರೆ ಸಾಲದು. ಸಂಸ್ಥೆಯ ಬಾಗಿಲು ತೆರೆದಿರುವಂತೆ ನೋಡಿಕೊಳ್ಳುವುದೂ ನಾಯಕತ್ವವೇ ಅಲ್ವಾ?

ನಿವೃತ್ತ ಪಿಎಸ್‌ಡಬ್ಲ್ಯೂ

ಮ್ಯಾನೇಜರ್ ಸರ್, ನಿಮ್ಮ ಕಷ್ಟ ನಿಜ. ಆದರೆ ಫೀಲ್ಡಿನ ಮಾತು ಮೇಲೆ ಹೋಗುವಾಗ ಏನಾಗುತ್ತದೆ ಎಂಬುದನ್ನೂ ಕೇಳಿ.

ನಾನು ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಬಹಳ ವರ್ಷ ಇದ್ದವಳು. ಊರಿನ ಆಸ್ಪತ್ರೆಯ ಸಿಬ್ಬಂದಿಗೇ ತರಬೇತಿ ಕೊಟ್ಟರೆ ಮಾನಸಿಕ ಕಾಯಿಲೆಯ ಚಿಕಿತ್ಸೆ ಹಳ್ಳಿಗೆ ಮುಟ್ಟುತ್ತದೆ ಎಂದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅಂಥ ಒಂದು ಶಿಬಿರದಲ್ಲಿ ನಡೆದದ್ದು ಹೇಳುತ್ತೇನೆ.

ಒಬ್ಬ ಹೆಂಗಸು ಬಂದು "ಎದೆಯಲ್ಲಿ ಕೆಂಡ ಇಟ್ಟಂಗ ಆಗ್ತೈತ್ರಿ" ಎಂದರು. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಎದೆ ಉರಿ ಎಂದು ಬರೆದರು. ಆಸಿಡಿಟಿ ಮಾತ್ರೆ ಕೊಟ್ಟರು. ಪಕ್ಕದಲ್ಲಿದ್ದ ಆರೋಗ್ಯ ಸಹಾಯಕಿ ಮಾತ್ರ ಸುಮ್ಮನಿರಲಿಲ್ಲ. "ಯಾವಾಗಿನಿಂದವ್ವ?" ಎಂದು ಕೇಳಿದರು. "ಮಗ ಹೋದಾಗಿಂದ" ಎಂದು ಆ ತಾಯಿ ಅಳಲು ಶುರು ಮಾಡಿದರು. ಊಟ, ನಿದ್ದೆ ಬಿಟ್ಟು ಐದು ತಿಂಗಳಾಗಿತ್ತು.

ನಮ್ಮ ಜನ ಡಿಪ್ರೆಶನ್ ಎನ್ನುವುದಿಲ್ಲ. ಬೇಜಾರು ಎನ್ನುತ್ತಾರೆ, ಗಾಳಿ ಸೋಕಿದೆ ಎನ್ನುತ್ತಾರೆ, ಕೈಕಾಲು ಸೇದುತ್ತವೆ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೂ ಅರ್ಥವಾಗದ ಮೇಲಧಿಕಾರಿ ಕೆಳಗಿನವರ ತಪ್ಪನ್ನು ಹೇಗೆ ತಿದ್ದುತ್ತಾರೆ? ಅವತ್ತು ಶಿಬಿರವನ್ನು ನಡೆಸಿದವರು ಆ ಸಹಾಯಕಿಯೇ. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಕೊನೆಯಲ್ಲಿತ್ತು.

ಪ್ರಾಜೆಕ್ಟ್ ಮ್ಯಾನೇಜರ್

ಮೇಡಂ, ಒಪ್ಪುತ್ತೇನೆ. ಆದರೆ ಅಂಥ ಸಹಾಯಕಿ ತಂಡದಲ್ಲಿದ್ದರೆ ಸಾಕಲ್ವಾ? ಅವರೇ ಮುಖ್ಯಸ್ಥರಾಗಲೇಬೇಕಾ? ಒಳ್ಳೆಯ ಫೀಲ್ಡ್ ವರ್ಕರ್‌ನನ್ನು ಮೇಜಿನ ಹಿಂದೆ ಕೂರಿಸಿ ಎರಡೂ ಕಡೆ ಕಳೆದುಕೊಂಡ ಸಂಸ್ಥೆಗಳೂ ಇವೆ.

ಬಾಲನ್ಯಾಯ

ಈ ಪ್ರಶ್ನೆಗೆ ನನ್ನ ಅನುಭವದಿಂದ ಉತ್ತರ ಹೇಳುತ್ತೇನೆ. ಅಪರಾಧದ ಆರೋಪ ಹೊತ್ತ ಮಕ್ಕಳ ವಿಚಾರಣೆ ನಡೆಸುವ ಬಾಲನ್ಯಾಯ ಮಂಡಳಿಯಲ್ಲಿ ನಾನು ಸದಸ್ಯೆಯಾಗಿದ್ದೆ. ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಹೆಂಗಸು ಇರಬೇಕು. 2015ರ ಬಾಲನ್ಯಾಯ ಕಾಯ್ದೆ ಸಮಾಜ ಕಾರ್ಯಕರ್ತರನ್ನು ನ್ಯಾಯಪೀಠದ ಮೇಲೇ ಕೂರಿಸಿದೆ. ಇದಕ್ಕಿಂತ ದೊಡ್ಡ ನಾಯಕತ್ವ ಇನ್ನೇನು ಬೇಕು?

ಮಗುವನ್ನು ಮೊದಲ ಸಲ ಹಾಜರುಪಡಿಸಿದ 15 ದಿನದೊಳಗೆ ಸಾಮಾಜಿಕ ತನಿಖಾ ವರದಿ ಬರಬೇಕು. ಮನೆ, ಶಾಲೆ, ಗೆಳೆಯರು, ಹಿನ್ನೆಲೆ ಎಲ್ಲ ಅದರಲ್ಲಿರುತ್ತದೆ. ಒಂದು ವರದಿಯಲ್ಲಿ ಹುಡುಗನ ಬಗ್ಗೆ "ಹ್ಯಾಬಿಚುವಲ್" ಎಂದು ಬರೆದಿತ್ತು. ಎಂದರೆ, ಇದು ಇವನ ಚಾಳಿ ಎಂದು. ನನಗೆ ಅನುಮಾನ ಬಂತು. ತಾಯಿಯನ್ನು ಕರೆದು ಕೇಳಿದೆ. ಅವರು ಹೇಳಿದ್ದು ಇಷ್ಟೇ: "ಇವನು ಯಾವಾಗಲೂ ಹಿಂಗೇ, ಅಪ್ಪ ಕುಡಿದು ಬಂದಾಗ ಮನೆ ಬಿಟ್ಟು ಹೋಗ್ತಾನೆ." ಯಾವಾಗಲೂ ಹಿಂಗೇ ಎಂಬ ಮಾತು ಇಂಗ್ಲಿಷಿಗೆ ಹೋಗಿ, ಹೊಡೆತ ತಪ್ಪಿಸಿಕೊಂಡು ಓಡುವ ಮಗುವನ್ನು ಚಾಳಿ ಬಿದ್ದ ಕಳ್ಳನನ್ನಾಗಿ ಮಾಡಿತ್ತು.

ಕಾಯ್ದೆಯ 3ನೇ ಕಲಂ ಮಗುವಿನ ವಿಷಯದಲ್ಲಿ ಕಳಂಕ ಹಚ್ಚುವ ಮಾತು ಬಳಸಬಾರದು ಎನ್ನುತ್ತದೆ. ಅದಕ್ಕೇ ನಾವು ಬಾಲಾಪರಾಧಿ ಎನ್ನುವುದಿಲ್ಲ, ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು ಎನ್ನುತ್ತೇವೆ. ವಿಚಾರಣೆಯ ಭಾಷೆ ಮಗುವಿಗೆ ತಿಳಿಯದಿದ್ದರೆ ಭಾಷಾಂತರಕಾರರನ್ನು ಕೊಡಬೇಕು ಎಂದೂ 8ನೇ ಕಲಂ ಹೇಳುತ್ತದೆ. ಕಾನೂನಿಗೆ ಗೊತ್ತಿರುವುದು ನಮ್ಮ ಸಂಸ್ಥೆಗಳ ಸಂದರ್ಶನ ಮಂಡಳಿಗೆ ಗೊತ್ತಿಲ್ಲವಲ್ಲ ಎಂದು ದುಃಖವಾಗುತ್ತದೆ.

ಅದಕ್ಕೇ ಹೇಳುತ್ತೇನೆ ಸರ್. ಅಂಥವರು ತಂಡದಲ್ಲಿದ್ದರೆ ಸಾಲದು. "ಈ ಪದ ತಪ್ಪು, ತಿದ್ದಿ" ಎನ್ನುವ ಅಧಿಕಾರ ಅವರ ಕೈಯಲ್ಲಿರಬೇಕು. ನಾನು ಪೀಠದ ಮೇಲೆ ಇದ್ದದ್ದರಿಂದ ಆ ತಾಯಿಯನ್ನು ಕರೆಸಿ ಕೇಳಲು ಆಯಿತು.

ಕಡಲ ಮಗಳು

ಇಷ್ಟು ಹೊತ್ತು ಇಂಗ್ಲಿಷ್ ಒಂದು ಕಡೆ, ಕನ್ನಡ ಒಂದು ಕಡೆ ಎಂಬಂತೆ ಮಾತು ನಡೆದಿದೆ. ನಾನು ಮಂಗಳೂರಿನಲ್ಲಿ ಓದಿದವಳು. 1960ರಷ್ಟು ಹಿಂದೆಯೇ ರೋಶನಿ ನಿಲಯ ಎಂಬ ಸಮಾಜಕಾರ್ಯ ಕಾಲೇಜು ಶುರುವಾದ ಊರು ಅದು. ನಮ್ಮ ಕಡೆ ಮೀನು ಮಾರುವ ಅಮ್ಮನ ಹತ್ತಿರ ಪುಸ್ತಕದ ಕನ್ನಡ ಮಾತಾಡಿದರೆ "ಆಫೀಸಿನವರು ಬಂದರು" ಎಂದು ಸುಮ್ಮನಾಗುತ್ತಾರೆ. ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಶುರು ಮಾಡಿದರೆ ಮನೆಯ ಕಥೆಯೆಲ್ಲ ಹೊರಗೆ ಬರುತ್ತದೆ. ತಾಂಡಾಗಳಲ್ಲಿ ಲಂಬಾಣಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನುಡಿ. ಅವರಿಗೆ ನಮ್ಮ ಕನ್ನಡವೂ ಮೇಲಿನವರ ಭಾಷೆಯೇ. ಕನ್ನಡದ ಪರ ಮಾತಾಡುವಾಗ ಇದನ್ನು ಮರೆಯಬೇಡಿ ಪ್ಲೀಸ್.

ತುಂಗಭದ್ರೆ ದಂಡೆ

ನಿಜ. ಅಕ್ಕನ ಶಕ್ತಿಯೂ ಅದೇ. ತಾಂಡಾಕ್ಕೆ ಹೋದರೆ ಲಂಬಾಣಿ ಮಾತಾಡುತ್ತಾರೆ. ಸಂದರ್ಶನದಲ್ಲಿ ಎಷ್ಟು ಭಾಷೆ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಮೂರು ಹೇಳುತ್ತಿದ್ದರು.

ಮೇಷ್ಟ್ರು

ಎಂಎಸ್‌ಡಬ್ಲ್ಯೂ ಪಾಠ ಮಾಡುವವನಾಗಿ ನನ್ನದೂ ತಪ್ಪಿದೆ ಎಂದು ಒಪ್ಪಿಕೊಳ್ಳುತ್ತೇನೆ. ಈ ವೃತ್ತಿಯ ಶಿಕ್ಷಣ ನಮ್ಮ ದೇಶದಲ್ಲಿ 1936ರಲ್ಲಿ ಮುಂಬೈನ ಟಾಟಾ ಶಾಲೆಯಿಂದ ಶುರುವಾಯಿತು. ಮೊದಲ ನಿರ್ದೇಶಕರು ಅಮೆರಿಕದ ಕ್ಲಿಫರ್ಡ್ ಮ್ಯಾನ್‌ಶಾರ್ಟ್. ಪುಸ್ತಕವೂ ಪದಗಳೂ ಇಂಗ್ಲಿಷಿನಲ್ಲೇ ಬಂದವು. ಇವತ್ತಿಗೂ ನನ್ನ ಕ್ಲಾಸಿನಲ್ಲಿ ರಾಯಚೂರು, ಯಾದಗಿರಿ ಕಡೆಯ ಮಕ್ಕಳು ಕೇಸ್ ವರ್ಕ್ (ಒಬ್ಬೊಬ್ಬರ ಜೊತೆ ಮಾಡುವ ಸಮಾಜಕಾರ್ಯ) ಪಾಠ ಕೇಳುವಾಗ ತಲೆ ತಗ್ಗಿಸುತ್ತಾರೆ. ಅದೇ ಮಕ್ಕಳು ಫೀಲ್ಡಿಗೆ ಹೋದಾಗ ಎಲ್ಲರಿಗಿಂತ ಮುಂದೆ. ಸೆಮಿನಾರ್ ಬಂದರೆ ಮತ್ತೆ ಹಿಂದಿನ ಬೆಂಚು. ಎರಡು ವರ್ಷ ಹೀಗೆ ಕೂತವರು ಮುಂದೆ ಮುಖ್ಯಸ್ಥರ ಕುರ್ಚಿ ತಮ್ಮದಲ್ಲ ಎಂದುಕೊಂಡರೆ ಅದನ್ನು ಕಲಿಸಿದವರು ನಾವೇ.

ಕನ್ನಡದಲ್ಲಿ ಈ ವಿಷಯ ಹೇಳಲು ಆಗುವುದಿಲ್ಲ ಎನ್ನುವವರಿಗೆ ಎಚ್.ಎಂ. ಮರುಳಸಿದ್ಧಯ್ಯನವರ ಹೆಸರು ಹೇಳುತ್ತೇನೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾ ಸಮಾಜಕಾರ್ಯವನ್ನು ಕನ್ನಡದಲ್ಲೇ ಬರೆದು ತೋರಿಸಿದರು. ಹಾಗಂತ ಪದ ಕಟ್ಟಿದ ಕೂಡಲೇ ಕೆಲಸ ಮುಗಿಯುವುದಿಲ್ಲ. ಗ್ರೂಪ್ ವರ್ಕ್‌ಗೆ ವೃಂದಗತ ಸಮಾಜಕಾರ್ಯ ಎಂದರೆ ನನ್ನ ವಿದ್ಯಾರ್ಥಿಗಳಿಗೆ ಇಂಗ್ಲಿಷಿನಷ್ಟೇ ದೂರ. ಸ್ತ್ರೀಶಕ್ತಿ ಗುಂಪಿನ ಹೆಂಗಸರು ಅದನ್ನು "ಕೂಡಿ ಕೂತು ಮಾತಾಡೋದು" ಎನ್ನುತ್ತಾರೆ. ನಾನು ಈಗ ಪಾಠವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಪಂಚಾಯ್ತಿ ವಿಆರ್‌ಡಬ್ಲ್ಯೂ

ಮೇಷ್ಟ್ರು ಪದದ ವಿಷಯ ತೆಗೆದರು, ಅದಕ್ಕೇ ಬರೆಯುತ್ತಿದ್ದೇನೆ. ನಾನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಗೌರವಧನದ ಮೇಲೆ ದುಡಿಯುವವರು ನಾವು. ನಮ್ಮ ಪಂಚಾಯ್ತಿಯ ಅಂಗವಿಕಲರಿಗೆ ಯುಡಿಐಡಿ ಎಂಬ ಗುರುತಿನ ಕಾರ್ಡ್, ಪಿಂಚಣಿ ಅರ್ಜಿ ಮಾಡಿಸುತ್ತೇನೆ. ನನಗೂ ಪೋಲಿಯೊದಿಂದ ಒಂದು ಕಾಲಿಗೆ ಶಕ್ತಿ ಇಲ್ಲದಂತಾಗಿದೆ.

ನಾನು ಚಿಕ್ಕವನಿದ್ದಾಗ ಕುಂಟ ಎಂದರು. ಆಮೇಲೆ ಅಂಗವಿಕಲ ಎಂದರು. ಆಮೇಲೆ ವಿಕಲಚೇತನ. ಇಲಾಖೆಯ ಹೆಸರಲ್ಲೂ ಅದೇ ಇದೆ. 2015ರ ಕೊನೆಯಲ್ಲಿ ಪ್ರಧಾನಿ ರೇಡಿಯೊದಲ್ಲಿ ದಿವ್ಯಾಂಗ ಎನ್ನೋಣ ಎಂದರು. ಈಗ ಕೆಲವರು ವಿಶೇಷಚೇತನ ಎನ್ನುತ್ತಾರೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ನನ್ನ ಕಾಲು ವಿಕಲ, ಚೇತನ ಚೆನ್ನಾಗಿಯೇ ಇದೆ. ವಿಕಲಚೇತನ ಎಂದಾಗ ನನಗೆ ಕುಂಟ ಎಂದದ್ದಕ್ಕಿಂತ ಜಾಸ್ತಿ ನೋವಾಗುತ್ತದೆ. ನನಗೆ ಅಂಗವಿಕಲ ಎನ್ನುವುದೇ ಸರಿ ಕಾಣುತ್ತದೆ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಪಕ್ಕದ ಊರಿನ ಗೆಳತಿಗೆ ಅದು ಇಷ್ಟವಿಲ್ಲ, ವಿಶೇಷಚೇತನ ಎಂದರೆ ಖುಷಿ. ಇಬ್ಬರನ್ನೂ ಯಾರೂ ಕೇಳಿಲ್ಲ.

ಪ್ರಾಜೆಕ್ಟ್ ಮ್ಯಾನೇಜರ್

ಸರ್, ನಿಮ್ಮ ನೋವನ್ನು ಸಣ್ಣದು ಮಾಡುತ್ತಿಲ್ಲ. ಆದರೆ ಪದ ಬದಲಾದರೆ ರ್‍ಯಾಂಪ್ ಬರುತ್ತದಾ? ಪಿಂಚಣಿ ಬೇಗ ಬರುತ್ತದಾ? 2016ರ ಕಾಯ್ದೆ 7 ಇದ್ದ ಅಂಗವೈಕಲ್ಯದ ವಿಧಗಳನ್ನು 21 ಮಾಡಿತು. ಅದರಿಂದ ಜನಕ್ಕೆ ನಿಜವಾಗಿ ಲಾಭವಾಯಿತು. ನಾವು ಅಂಥದ್ದಕ್ಕೆ ಶಕ್ತಿ ಹಾಕಬೇಕು ಎನ್ನುವುದು ನನ್ನ ಮಾತು.

ಪಂಚಾಯ್ತಿ ವಿಆರ್‌ಡಬ್ಲ್ಯೂ

ಪದದಿಂದ ರ್‍ಯಾಂಪ್ ಬರುವುದಿಲ್ಲ ಸರ್. ಆದರೆ ಕಳೆದ ವರ್ಷ ನಮ್ಮ ಕಡೆ ಒಂದು ರ್‍ಯಾಂಪ್ ಕಟ್ಟಿದರು. ಗಾಲಿಕುರ್ಚಿ ಏರದಷ್ಟು ಕಡಿದಾಗಿತ್ತು. ನಮ್ಮಲ್ಲಿ ಒಬ್ಬರನ್ನೂ ಕೇಳದೆ ಕಟ್ಟಿದ್ದರು. ಹೆಸರಿಟ್ಟಿದ್ದೂ ಹೀಗೇ. ಕೇಳದೆ ಹೆಸರಿಡುವುದು ಅಭ್ಯಾಸವಾದರೆ ಕೇಳದೆ ಕಟ್ಟುವುದೂ ಅಭ್ಯಾಸವಾಗುತ್ತದೆ. ತಾಲ್ಲೂಕಿನ ಸಭೆಗೆ ನಮ್ಮನ್ನು ಕರೆಯುತ್ತಾರೆ, ಹಿಂದೆ ಕೂರಿಸುತ್ತಾರೆ. ಸ್ಲೈಡ್ ಎಲ್ಲ ಇಂಗ್ಲಿಷಿನಲ್ಲಿರುತ್ತದೆ. ಕೊನೆಗೆ "ಏನಾದರೂ ಹೇಳುವುದಿದೆಯಾ?" ಎನ್ನುತ್ತಾರೆ. ಏನು ಓದಿದರು ಎಂದು ತಿಳಿಯದ ಮೇಲೆ ಏನು ಹೇಳುವುದು?

ಪ್ರಾಜೆಕ್ಟ್ ಮ್ಯಾನೇಜರ್

ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನನ್ನ ಸ್ಲೈಡ್‌ಗಳೂ ಇಂಗ್ಲಿಷಿನಲ್ಲೇ ಇರುತ್ತವೆ. ಮುಂದಿನ ತಿಂಗಳಿನಿಂದ ಕನ್ನಡದಲ್ಲಿ ಮಾಡುತ್ತೇನೆ. ಹಣ ಕೊಡುವವರಿಗೆ ಬೇರೆ ಕಾಪಿ ಮಾಡಿದರಾಯಿತು, ಒಂದು ದಿನದ ಕೆಲಸ.

ಆದರೆ ಲೆಕ್ಕಪತ್ರದ ಸಹಿ ಹಾಕುವವರಿಗೆ ತಾವು ಸಹಿ ಹಾಕಿದ್ದು ಏನೆಂದು ಓದಲು ಬರಬೇಕು ಎಂಬ ನನ್ನ ಮಾತು ಹಾಗೇ ಇದೆ. ಗೊತ್ತಿಲ್ಲದ ಕಾಗದಕ್ಕೆ ಸಹಿ ಹಾಕಿಸಿ ಅಕ್ಕನನ್ನು ತೊಂದರೆಗೆ ಸಿಕ್ಕಿಸಬೇಡಿ.

ನಿವೃತ್ತ ಪಿಎಸ್‌ಡಬ್ಲ್ಯೂ

ಅದು ಸರಿಯಾದ ಎಚ್ಚರಿಕೆ. ಸಹಿಗೆ ಮುಂಚೆ ಕಾಗದವನ್ನು ಕನ್ನಡದಲ್ಲಿ ಓದಿ ಹೇಳುವ ಕ್ರಮ ಇಟ್ಟುಕೊಳ್ಳಿ. ಸ್ತ್ರೀಶಕ್ತಿ, ಸಂಜೀವಿನಿ ಗುಂಪುಗಳಲ್ಲಿ ಓದು ಬಾರದ ಅಧ್ಯಕ್ಷೆಯರು ಸಭೆ ನಡೆಸುತ್ತಾರೆ. ಪುಸ್ತಕ ಬರೆಯುವವರು ಬೇರೆ ಇರುತ್ತಾರೆ. ಬರೆದದ್ದನ್ನು ಎಲ್ಲರ ಮುಂದೆ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು. ಹಳ್ಳಿಯ ಹೆಂಗಸರು ದುಡ್ಡಿನ ವ್ಯವಹಾರವನ್ನೇ ಹೀಗೆ ನಡೆಸುವಾಗ ಕಲಿತವರ ಸಂಸ್ಥೆಗೆ ಯಾಕೆ ಆಗಬಾರದು?

ಮೇಷ್ಟ್ರು

ಇನ್ನೊಂದು ಸೇರಿಸಿ. ಆ ಹೊಸ ಹುಡುಗನಿಗೆ ಅಕ್ಕ ಕಲಿಸುತ್ತಿರುವುದು ತರಬೇತಿಯೇ. ಅದನ್ನು ತರಬೇತಿ ಎಂದೇ ಬರೆಯಿರಿ, ಅದಕ್ಕೆ ಭತ್ಯೆ ಕೇಳಿ. 2014ರಲ್ಲಿ ಒಪ್ಪಿಕೊಂಡ ಸಮಾಜಕಾರ್ಯದ ಜಾಗತಿಕ ವ್ಯಾಖ್ಯೆಯಲ್ಲೇ ಸ್ಥಳೀಯ ಜನರ ಜ್ಞಾನಕ್ಕೆ ಜಾಗ ಕೊಟ್ಟಿದ್ದಾರೆ. ಬೇಕಾದರೆ ನಿಮ್ಮ ನಿರ್ದೇಶಕರಿಗೆ ಅದನ್ನೇ ತೋರಿಸಿ.

ತುಂಗಭದ್ರೆ ದಂಡೆ

ಎಲ್ಲರಿಗೂ ಧನ್ಯವಾದ. ಹೊಸ ಸಂಯೋಜಕ ಹುಡುಗನೂ ಇದನ್ನೆಲ್ಲ ಓದಿದ್ದಾನೆ. ನಿನ್ನೆ ಅವನೇ ನನ್ನ ಹತ್ತಿರ ಬಂದು, ಹಳ್ಳಿಯ ಕೆಲಸದ ತೀರ್ಮಾನ ಅಕ್ಕನದು, ವರದಿ ನನ್ನದು, ಇಬ್ಬರಿಗೂ ಒಂದೇ ದರ್ಜೆ ಕೊಡಿ ಎಂದು ಬರೆದುಕೊಡೋಣ ಎಂದ. ತಿಂಗಳ ಸಭೆ ಕನ್ನಡದಲ್ಲಿ ನಡೆಯಬೇಕು ಎಂದೂ ಸೇರಿಸಿದ್ದೇವೆ. ಮೇಲಿನವರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಶನಿವಾರ ಕೂತು ಮಾತಾಡುತ್ತೇವೆ ಎಂದಿದ್ದಾರೆ.

ಈ ಚರ್ಚೆಯನ್ನು ಅಕ್ಕನಿಗೂ ಓದಿ ಹೇಳಿದೆ. ಪೂರ್ತಿ ಕೇಳಿದರು. ಕೆಂಡದ ಮಾತು ಬಂದಾಗ ಕಣ್ಣು ಒರೆಸಿಕೊಂಡರು. ಆಮೇಲೆ ಹೇಳಿದರು: "ಸರ, ಶನಿವಾರ ಮೀಟಿಂಗ್ ಇಡಬ್ಯಾಡ್ರಿ ಅಂತ ಹೇಳ್ರಿ. ಅವತ್ತ ತಾಂಡಾದಾಗ ಒಂದು ಮದುವಿ ಐತಿ. ಹುಡುಗಿ ಶಾಲಿ ಸರ್ಟಿಫಿಕೇಟ್ ನೋಡಬೇಕು, ಹದಿನೆಂಟು ತುಂಬಿಲ್ಲ ಅನಸ್ತದ."

ಸಭೆಯನ್ನು ಸೋಮವಾರಕ್ಕೆ ಹಾಕಿಸಿದ್ದೇನೆ.